ಮೇಲಿಂದ ಬಂದೈತೆ

ನಮ್ಮ ಮನೆ ಓನರ್‌ಗೆ ಬಲಗೈಯ ತೋರುಬೆರಳು ಸೊಟ್ಟಗಿತ್ತು. ಹೆಬ್ಬಗೋಡಿಯಲ್ಲಿ ರಾಗಿ ಬೆಳೆಯುತ್ತಿದ್ದ ಕಾಲದಲ್ಲಿ ಕುಡುಗೋಲು ತಾಗಿ ತುದಿ ಮಡಚಿಕೊಂಡಿತಂತೆ. ಆ ಬೆರಳನ್ನು ಆಕಾಶದ ಕಡೆ ಎತ್ತಿ, "ನಂದೇನೈತಮ್ಮ, ಮೇಲಿಂದ ಬಂದೈತೆ" ಎನ್ನುತ್ತಿದ್ದರು. ಕೈ ಮೇಲಕ್ಕೆ ಹೋದರೂ ಬೆರಳಿನ ತುದಿ ಎದುರು ನಿಂತ ನನ್ನನ್ನೇ ತೋರಿಸುತ್ತಿತ್ತು. ಸತ್ತವರನ್ನು ಬೈಯಬಾರದಂತೆ. ನಾನು ಬೈಯುತ್ತೇನೆ.

ಇಂಡಿ ಕಡೆಯಿಂದ ಮಗಳನ್ನು ಕರೆದುಕೊಂಡು ಬಂದು, ಎಲೆಕ್ಟ್ರಾನಿಕ್ ಸಿಟಿಯ ಕಾರ್ಖಾನೆಯೊಂದರಲ್ಲಿ ಪ್ಯಾಕಿಂಗ್ ಕೆಲಸಕ್ಕೆ ಸೇರಿದಾಗ ಅವರ ಬಿಲ್ಡಿಂಗಿನ ಮೇಲಿನ ಮಹಡಿಯಲ್ಲಿ ಒಂದು ರೂಮು ಬಾಡಿಗೆಗೆ ಹಿಡಿದೆ. ಕೆಳಗೆ ಓನರ್ ಟಿವಿ ಜೋರಾಗಿ ಹಾಕಿಕೊಂಡು ಕೂರುತ್ತಿದ್ದರು. ಧಾರಾವಾಹಿಯಲ್ಲ, ಕ್ರಿಕೆಟ್ಟೂ ಅಲ್ಲ. ರೆಪೋ ದರದ ಸುದ್ದಿ. ಅದು ಬಂದ ದಿನ ಸಂಜೆಯೇ ಮೆಟ್ಟಿಲ ಮೇಲೆ ಅವರ ಚಪ್ಪಲಿ ಸದ್ದು ಕೇಳುತ್ತಿತ್ತು.

ಮೊದಲ ಸಲ ನನಗೆ ತಲೆಬುಡ ತಿಳಿಯಲಿಲ್ಲ. ಮೆಟ್ಟಿಲ ಮೇಲೆ ಕೂತು ಅವರೇ ಬಿಡಿಸಿ ಹೇಳಿದರು.

"ನೋಡಮ್ಮ, ಬ್ಯಾಂಕುಗಳ್ಗೆಲ್ಲ ಒಂದು ದೊಡ್ಡ ಬ್ಯಾಂಕ್ ಐತೆ. ಅದು ಇವ್ರಿಗೆ ಒಂದು ರಾತ್ರಿ ಮಟ್ಟಿಗೆ ಸಾಲ ಕೊಡ್ತದೆ. ಅದರ ಬಡ್ಡೀನೇ ರೆಪೋ. ಅದು ಏರುದ್ರೆ ಇವ್ರು ನನ್ ಲೋನಿನ ಬಡ್ಡಿ ಏರಿಸ್ತಾರೆ. ಈ ಬಿಲ್ಡಿಂಗ್ ಲೋನಲ್ಲಿ ನಿಂತೈತೆ. ನಂದು ಏರುದ್ರೆ ನಿನ್ ಬಾಡಿಗೆ ಏರ್ಬೇಕಲ್ವಾ?"

ಒಪ್ಪಿಕೊಂಡೆ. ಅವರು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ, ಅದಕ್ಕೇ ಇವತ್ತಿಗೂ ಹೊಟ್ಟೆ ಉರಿಯುತ್ತದೆ. ಯಾರೋ ಒಂದು ರಾತ್ರಿಗೆ ಮಾಡಿದ ಸಾಲದ ಬಡ್ಡಿಯನ್ನು ನಾನು ವರ್ಷವಿಡೀ ಕಟ್ಟಿದೆ. ಬಾಡಿಗೆ ಮತ್ತೆ ಮತ್ತೆ ಏರಿದಾಗ ದಾರಿ ತೋರಿಸಿದವರೂ ಅವರೇ: "ಭೋಗ್ಯಕ್ಕೆ ಹಾಕ್ಕೊಂಡ್ಬಿಡು. ಒಟ್ಟಿಗೆ ದುಡ್ಡು ಕೊಡು, ಬಾಡಿಗೆ ಇಲ್ದೆ ಇರು, ಬಿಡುವಾಗ ಅಷ್ಟೂ ವಾಪಸ್." ನಮ್ಮ ದುಡ್ಡಿಗೆ ಬರುವ ಬಡ್ಡಿಯೇ ಅವರಿಗೆ ಬಾಡಿಗೆ. ಮಗಳ ನರ್ಸಿಂಗ್ ಓದಿಗೆಂದು ಇಟ್ಟುಕೊಂಡಿದ್ದ ಬಂಗಾರ ಮಾರಿ ಕೊಟ್ಟೆ. ಅವಳ ಪಿಯುಸಿ ಮುಗಿದ ಮೇಲೆ ಹಿಂದಿರುಗಿಸುವುದೆಂದು ಮಾತಾಯಿತು.

ಅವರೆಕಾಯಿ ಕಾಲದಲ್ಲಿ ಪ್ರತಿ ಬಾಗಿಲಿಗೂ ಒಂದು ಚೀಲ ಕಾಯಿ ಕಳಿಸುತ್ತಿದ್ದರು, ಒಳ್ಳೆ ಸೊಗಡಿನದು. ತಿಂದಿದ್ದೇನೆ, ಇಲ್ಲ ಅನ್ನುವುದಿಲ್ಲ.

ಆಮೇಲೆ ರೆಪೋ ಇಳಿಯತೊಡಗಿತು. ಸಾಲ ಮಾಡಿ ಮನೆ ಕಟ್ಟಿಸಿದ್ದ ನಮ್ಮ ಸೂಪರ್‌ವೈಸರ್ ಖುಷಿಗೆ ಎಲ್ಲರಿಗೂ ಪೇಡಾ ಹಂಚಿದ. ನಾನೂ ನಿರಾಳವಾಗಿ ಮನೆಗೆ ಬಂದೆ. ಸಂಜೆ ಮತ್ತೆ ಚಪ್ಪಲಿ ಸದ್ದು.

"ಬ್ಯಾಂಕಲ್ಲಿ ಇಟ್ಟಿರೋ ದುಡ್ಗೆ ಬಡ್ಡಿ ಬಿದ್ದೋಯ್ತು ಕಣಮ್ಮ. ನಿನ್ನ ಭೋಗ್ಯದಿಂದ ನಂಗೇನೂ ಗಿಟ್ತಿಲ್ಲ. ಇನ್ನೊಂದಷ್ಟು ಸೇರ್ಸು."

"ಏರಿದ್ರೂ ನಮ್ಮ ಮ್ಯಾಲ, ಇಳದ್ರೂ ನಮ್ಮ ಮ್ಯಾಲ ಅಂದ್ರ ಹ್ಯಾಂಗ್ರೀ ಯಜಮಾನ್ರ? ನಿಮ್ಮ ಲೋನಿನ ಬಡ್ಡೀನೂ ಇಳದಿರಬೇಕಲ್ರೀ?"

"ಅದು ಬೇರೆ ಇಚಾರ." ಬೆರಳು ಮೇಲೆ ಹೋಯಿತು. "ಇದು ಮೇಲಿಂದ ಬಂದೈತೆ."

ಸಂಬಳದಲ್ಲಿ ಉಳಿಸಿ ಅದನ್ನೂ ಸೇರಿಸಿದೆ. ಮಗಳಿಗೆ ನರ್ಸಿಂಗ್ ಸೀಟು ಸಿಕ್ಕಿತು. ಫೀಸು ಕಟ್ಟಬೇಕು, ನನ್ನ ದುಡ್ಡು ಕೊಡಿ ಎಂದು ಅವರ ಬಾಗಿಲಿಗೆ ಹೋದೆ. ಟಿವಿಯಿಂದ ಕಣ್ಣು ತೆಗೆಯದೆ ಹೇಳಿದರು: "ಹೊಸ ಭೋಗ್ಯದೋರು ಬರ್ಲಿ, ಅವ್ರತ್ರ ಇಸ್ಕೊಂಡು ಕೊಡ್ತೀನಿ. ಬ್ಯಾಂಕಿನೋರೂ ಅಂಗೇ ಮಾಡೋದು, ಒಬ್ರದ್ ತಗೊಂಡು ಇನ್ನೊಬ್ರಿಗೆ." ಬೈದೆ, ಅತ್ತೆ, ಕೊನೆಗೆ ಕಾಲು ಹಿಡಿದೆ. ಮಗಳೇ ಬಂದು ನನ್ನನ್ನು ಎಬ್ಬಿಸಿಕೊಂಡು ಹೋದಳು. ಹೊಸಬರು ಯಾರೂ ಬರಲಿಲ್ಲ, ಸೀಟು ಬೇರೆಯವರ ಪಾಲಾಯಿತು. ಈಗ ಅವಳು ಕಾರ್ಖಾನೆಯಲ್ಲಿ ನನ್ನ ಪಕ್ಕವೇ ನಿಂತು ಡಬ್ಬಗಳಿಗೆ ಟೇಪು ಅಂಟಿಸುತ್ತಾಳೆ.

ಹೋದ ಬೇಸಿಗೆಯಲ್ಲಿ ಓನರ್ ಆ ಟಿವಿಯ ಮುಂದೆಯೇ ಕುಸಿದು ಹೋಗಿಬಿಟ್ಟರು. ದುಡ್ಡು ಇನ್ನೂ ಬಂದಿಲ್ಲ. ರೂಮಿನ ಕೀಲಿಯನ್ನು ನಾನೂ ಬಿಟ್ಟಿಲ್ಲ. ಅವರು ಸತ್ತ ದಿನ ನೋಡಲು ಕೆಳಗಿಳಿದೆ. ಮನೆ ಮುಂದೆ ಮಲಗಿಸಿದ್ದರು, ಸೊಟ್ಟ ಬೆರಳು ಹಾರದೊಳಗೆ ಮುಚ್ಚಿಹೋಗಿತ್ತು. ಅವರ ಹೆಂಡತಿ ನನ್ನ ಕೈ ಹಿಡಿದು, "ಮೇಲಿಂದ ಬಂದಿದ್ದು ಕಣಮ್ಮ, ಯಾರೇನ್ ಮಾಡೋಕಾಯ್ತದೆ" ಎಂದು ಅತ್ತರು.

ನನಗೆ ಅಳು ಬರಲಿಲ್ಲ. ಮೇಲಿಂದ ಬಂದದ್ದನ್ನು ಕೆಳಗಿನವರಿಗೆ ದಾಟಿಸದೆ ಆ ಮನುಷ್ಯ ತಾನೇ ಇಟ್ಟುಕೊಂಡದ್ದು ಅದೊಂದನ್ನೇ.