ಧಕ್ಕೆಯ ಮೇಲಿನ ಮಡಿಲಕ್ಕಿ

ನಮ್ಮ ಹೊಸಕೋಟೆ ಕಡೆ ಕೆರೆ ಬತ್ತುವುದಕ್ಕೆ ತಿಂಗಳುಗಟ್ಟಲೆ ಬೇಕು. ಸಂಕ್ರಾಂತಿಯಲ್ಲಿ ಕಟ್ಟೆಗೆ ತಾಗುತ್ತಿದ್ದ ನೀರು ಯುಗಾದಿ ಹೊತ್ತಿಗೆ ಒಂದಿಷ್ಟು ಹಿಂದೆ ಸರಿದಿರುತ್ತದೆ, ಅಷ್ಟೇ. ಅಂಥ ಊರಿನಲ್ಲಿ ಐವತ್ತು ದಾಟಿದವಳಿಗೆ, ಸೀರೆ ಬದಲಾಯಿಸಿ ಒಂದು ಕಾಫಿ ಕುಡಿದು ಬರುವಷ್ಟರಲ್ಲಿ ನೀರು ಹೊರಟುಹೋಗುತ್ತದೆ ಎಂದರೆ ನಂಬಿಕೆ ಹೇಗೆ ಬಂದೀತು? ಹೇಳಿದವರು ಇದ್ದರು. ನಾನು ನಂಬಲಿಲ್ಲ.

ನಾನು ಕಡಲ ಸೀಮೆಗೆ ಹೋಗಿದ್ದು ಅಣ್ಣನ ಮಗಳ ಸೀಮಂತಕ್ಕೆ. ತಾಯಿಯಿಲ್ಲದ ಹುಡುಗಿ. ಅತ್ತಿಗೆ ತೀರಿಕೊಂಡಾಗ ಅವಳಿಗೆ ಮಾತೂ ನೆಟ್ಟಗೆ ಬರುತ್ತಿರಲಿಲ್ಲ. ಸಮೇತನಹಳ್ಳಿಯಿಂದ ಎತ್ತಿಕೊಂಡು ಬಂದು ಹೊಸಕೋಟೆಯ ನನ್ನ ಮನೆಯಲ್ಲೇ ಬೆಳೆಸಿದೆ. ಅಷ್ಟರಲ್ಲಿ ನನ್ನ ಗಂಡನೂ ಹೋಗಿಯಾಗಿತ್ತು, ಮಕ್ಕಳಿರಲಿಲ್ಲ. ನನ್ನ ಹೊಲಿಗೆ ಮಷೀನಿನ ಸದ್ದು ನಿಂತರೆ ನಿದ್ದೆಯಿಂದ ಏಳುತ್ತಿದ್ದ ಮಗು ಅದು. ದೊಡ್ಡವಳಾಗಿ ಹಳೇ ಮದ್ರಾಸ್ ರಸ್ತೆಯ ಒಂದು ಫ್ಯಾಕ್ಟರಿಗೆ ಸೇರಿದಳು. ಅಲ್ಲೇ ಕೆಲಸಕ್ಕಿದ್ದ ಕರಾವಳಿಯ ಹುಡುಗನನ್ನು, ಮೀನು ಹಿಡಿಯುವ ಮನೆಯವನನ್ನು, ಮೆಚ್ಚಿ ಮದುವೆಯಾದಳು. ಅಣ್ಣ ಕೂಗಾಡಲಿಲ್ಲ, ಅವಳ ಹೆಸರೆತ್ತುವುದನ್ನೇ ಬಿಟ್ಟ. ನಮ್ಮಣ್ಣನಿಗೆ ಜಮೀನು ಎಷ್ಟಿತ್ತೋ ಹಟವೂ ಅಷ್ಟೇ ಇತ್ತು. ಜಮೀನನ್ನಾದರೂ ಸ್ವಲ್ಪ ಮಾರಿದ್ದಾನೆ.

ಅಳಿಯ ಅಪ್ಪನ ದೋಣಿ ನೋಡಿಕೊಳ್ಳಲು ಊರಿಗೆ ಮರಳಿದಾಗ ಅವಳೂ ಹೊರಟಳು. ಮನೆಯಲ್ಲಿ ನಾನು ಮತ್ತು ಮಷೀನು ಉಳಿದೆವು. ಎಷ್ಟು ಕಮ್ಮಿ ಅಕ್ಕಿ ಹಾಕಿದರೂ ಅನ್ನ ಮಿಗುತ್ತಿತ್ತು.

ಆಮೇಲೆ ಒಂದು ದಿನ ಫೋನ್ ಮಾಡಿದಳು. "ಅತ್ತೆ, ಸೀಮಂತ ಇಟ್ಕೊಂಡವ್ರೆ. ತವರಿಂದ ಯಾರು ಬರ್ತಾರೆ ಅಂತ ಕೇಳ್ತಾವ್ರೆ. ನಾನೇನಂತ ಹೇಳ್ಲಿ?"

ಸಮೇತನಹಳ್ಳಿಗೆ ಹೋಗಿ ಅಣ್ಣನಿಗೆ ವಿಷಯ ತಿಳಿಸಿದೆ. ಹಸುವಿಗೆ ಹುಲ್ಲು ಹಾಕುತ್ತಿದ್ದವನು ತಿರುಗಿಯೂ ನೋಡಲಿಲ್ಲ. ನನಗೆ ಮೈಯೆಲ್ಲ ಉರಿಯಿತು. ತವರು ಅಂದರೆ ಇನ್ನು ನಾನೇ ಎಂದುಕೊಂಡು ಹೊರಟೆ.

ಮಡಿಲಕ್ಕಿಗೆ ಬೇಕಾದ್ದನ್ನೆಲ್ಲ ಕೆಂಪು ಬ್ಯಾಗಿಗೆ ತುಂಬಿಕೊಂಡೆ: ಅಕ್ಕಿ, ಬೆಲ್ಲದಚ್ಚು, ಹಸಿರು ಬಳೆ, ನಾನೇ ಹೊಲಿದ ರವಿಕೆ. ಕೊಬ್ಬರಿ ಬಟ್ಟಲೂ ಇತ್ತು. ತೆಂಗಿನ ತೋಪಿನ ಊರಿಗೆ ಕೊಬ್ಬರಿ ಹೊತ್ತುಕೊಂಡು ಹೋದವಳು ನಾನೊಬ್ಬಳೇ ಇರಬೇಕು. ಇದನ್ನೆಲ್ಲ ತವರಿನವರು ಮಗಳ ಸೆರಗಿಗೆ ಹಾಕುತ್ತಾರೆ. ಅವಳು ಅದರಲ್ಲಿ ಒಂದು ಹಿಡಿ ಅಕ್ಕಿಯನ್ನು ತವರಿನ ಡಬ್ಬಿಗೇ ವಾಪಸು ಹಾಕಿ ಹೊರಡಬೇಕು, ಹುಟ್ಟಿದ ಮನೆ ಬರಿದಾಗಬಾರದು ನೋಡಿ. ಆದರೆ ಮಡಿಲು ತುಂಬುವ ಕೈ ಮುತ್ತೈದೆಯದಾಗಿರಬೇಕು. ಹೊಸಕೋಟೆಯ ಎಷ್ಟೋ ಮದುಮಕ್ಕಳ ರವಿಕೆ ಹೊಲಿದಿದ್ದೇನೆ. ಮದುವೆಯ ದಿನ ಮಾತ್ರ ಅಡಿಗೆಯವರ ಜೊತೆ ಹಿಂದೆ ಇರುತ್ತೇನೆ. ಇಲ್ಲೂ ಬ್ಯಾಗನ್ನು ಬೀಗಿತ್ತಿಯ ಕೈಗೆ ಕೊಟ್ಟು ಒಂದು ಮೂಲೆಯಲ್ಲಿ ಕೂರುವುದು ಎಂದು ಮೊದಲೇ ತೀರ್ಮಾನ ಮಾಡಿಕೊಂಡಿದ್ದೆ.

ಬಸ್ಸು ಬೆಳಿಗ್ಗೆಯೇ ನನ್ನನ್ನು ಇಳಿಸಿತು. ನದಿ ಕಡಲಿಗೆ ಸೇರುವ ಜಾಗ ಅದು. ದೋಣಿಗಳು ಬಂದು ನಿಲ್ಲುವ ಕಟ್ಟೆಯನ್ನು ಅಲ್ಲಿಯವರು ಧಕ್ಕೆ ಎನ್ನುತ್ತಾರೆ. ಧಕ್ಕೆಯ ತುಂಬ ಮೀನಿನ ಬುಟ್ಟಿ, ಐಸು, ಬಲೆ, ಕೂಗಾಟ. ಅಳಿಯನ ಹಳ್ಳಿ ನದಿಯ ಆಚೆ ದಡದಲ್ಲಿತ್ತು, ಮನೆಗಳ ಹೆಂಚು ಕೂಡ ಕಾಣುವಷ್ಟು ಹತ್ತಿರ. ದಾಟಿಸುವುದಕ್ಕೆ ಒಂದು ಲಾಂಚು. ಅದರವನು ಜನರನ್ನು ಹತ್ತಿಸಿಕೊಳ್ಳುತ್ತಿದ್ದ. ನನ್ನ ಬ್ಯಾಗು ನೋಡಿ ಬೇಗ ಹತ್ತಿ, ನೀರು ಇಳಿಯುತ್ತಿದೆ ಎಂದ.

ಬಸ್ಸಿನಲ್ಲಿ ಮುದುಡಿದ ಸೀರೆಯಲ್ಲಿ ಬೀಗರ ಮನೆಗೆ ಹೋಗುವುದೇ? ತವರಿನ ಕಡೆಯಿಂದ ಬರುವುದೇ ಒಂದು ಜೀವ, ಅದೂ ಹೀಗೆ ಬಂತೇ ಎಂದಾರು. ಮುಂದಿನ ಸಲ ಬರುತ್ತೇನೆ ಎಂದೆ. ಹೋಟೆಲಿನ ಹಿಂದೆ ಮುಖ ತೊಳೆದು, ಒಳ್ಳೆ ಸೀರೆ ಉಟ್ಟು, ಅವಲಕ್ಕಿ ತಿಂದು, ಕಾಫಿ ಕುಡಿದು ಆರಾಮವಾಗಿ ಬಂದೆ. ಬಂದರೆ ನೀರಿಲ್ಲ. ಮೆಟ್ಟಿಲ ಕೆಳಗೆ ಕಪ್ಪು ಕೆಸರು, ಏಡಿಗಳ ಓಡಾಟ. ಆಗಿನ ಜನರನ್ನು ದಾಟಿಸಿ ಮರಳಿದ್ದ ಲಾಂಚು ಒಂದು ಮಗ್ಗುಲಿಗೆ ವಾಲಿ ಕೆಸರಿನಲ್ಲಿ ಕೂತಿತ್ತು. ಲಾಂಚಿನವನು ಅದರೊಳಗೇ ಬೀಡಿ ಸೇದುತ್ತಿದ್ದ.

"ನೀರು ಏರ್ಲಿ, ಆಮೇಲೆ ಹೋಪ" ಎಂದ.

ಸುತ್ತಿ ಹೋಗಲು ಸೇತುವೆ ಎಲ್ಲಿದೆ ಎಂದು ಕೇಳಿದೆ. ಅದು ದೂರವಂತೆ. ಆ ದಾರಿಯಲ್ಲಿ ಹೋಗುವ ಬಸ್ಸಿಗೆ ಕಾಯುವುದರೊಳಗೆ ನೀರೇ ಬಂದಿರುತ್ತದೆಯಂತೆ. ಶಾಸ್ತ್ರದ ಹೊತ್ತು ಮಧ್ಯಾಹ್ನಕ್ಕೆ ಮೊದಲೇ ಇತ್ತು. ಅಳುವ ಹಾಗಾಗಿ ಮೆಟ್ಟಿಲ ಮೇಲೆ ಕೂತೆ.

ಫೋನ್ ಬಂತು. "ಅತ್ತೆ, ನೀನು ಕಾಣ್ತಿದ್ದೀಯ. ಕೆಂಪು ಬ್ಯಾಗ್ ಹಿಡ್ಕೊಂಡಿರೋಳು ನೀನೇ ತಾನೇ?"

ಬ್ಯಾಗು ಎತ್ತಿ ತೋರಿಸಿದೆ. ಆಚೆ ದಡದಲ್ಲಿ ಹಸಿರು ಸೀರೆಯ ಒಂದು ಸಣ್ಣ ಆಕಾರ ಕೈ ಎತ್ತಿತು. ಅವಳು ಮದುವೆಯಾಗಿ ಹೋದ ದಿನವೂ ನನಗೆ ಅಷ್ಟು ಒಂಟಿ ಅನಿಸಿರಲಿಲ್ಲ. ಮನೆಯೊಳಗಿನಿಂದ ಯಾರೋ ಅವಳನ್ನು ಕರೆದರು. ಫೋನ್ ಕಟ್ ಮಾಡಬೇಡ, ಹಂಗೇ ಇಟ್ಕೊಂಡಿರು ಎಂದು ಹೇಳಿ ಹೋದಳು.

ಧಕ್ಕೆಯ ಗದ್ದಲದಲ್ಲಿ ಒಂದು ಕಿವಿ ಮುಚ್ಚಿಕೊಂಡು ಇನ್ನೊಂದು ಕಿವಿಯಿಂದ ಸೀಮಂತ ಕೇಳಿದೆ. ಬಳೆಗಳ ಸದ್ದು ಕೇಳಿಸಿತು. ಹೆಂಗಸರು ನನಗೆ ಗೊತ್ತಿಲ್ಲದ ಹಾಡು ಹೇಳಿದರು. ಒಬ್ಬಾಕೆ ತವರಿನವರು ಯಾರೂ ಬರಲಿಲ್ಲವೇ ಎಂದು ಕೇಳಿದ್ದು ಸ್ಪಷ್ಟವಾಗಿ ಕೇಳಿಸಿತು.

"ಬಂದವ್ರೆ" ಎಂದಳು ನಮ್ಮ ಹುಡುಗಿ. "ಆಚೆ ದಡದಲ್ಲವ್ರೆ."

ನೀರು ಬಂದಾಗ ಹೊತ್ತು ನೆತ್ತಿಯಿಂದ ಇಳಿದಿತ್ತು. ಮಳೆಯಿಲ್ಲ, ತೂಬು ಎತ್ತಿದವರಿಲ್ಲ, ಸದ್ದಿಲ್ಲದೆ ಬಂದು ಕೆಸರನ್ನು ಮುಚ್ಚಿತು. ಲಾಂಚು ತಾನಾಗಿ ನೆಟ್ಟಗಾಯಿತು. ದಾಟುವುದಕ್ಕೆ ಹಿಡಿದದ್ದು ಸ್ವಲ್ಪವೇ ಹೊತ್ತು, ಅದೇ ಹೊಟ್ಟೆ ಉರಿಸಿದ್ದು.

ಊಟ ನಡೆದಿತ್ತು. ಬೀಗಿತ್ತಿ ಒಳ್ಳೆಯ ಹೆಂಗಸು. ಕೈಗೆ ನೀರು ಕೊಟ್ಟು, ಎಲೆ ಹಾಕಿಸಿ, ಪಕ್ಕದಲ್ಲೇ ಕೂತು ಬಡಿಸಿದಳು. ಊಟ ಆದ ಮೇಲೆ, ನೀವು ಮಡಿಲು ತುಂಬುವುದಿಲ್ಲವೇ ಎಂದು ಕೇಳಿದಳು. ಸೊಂಟ ಹಿಡಿದುಕೊಂಡಿದೆ, ಬಗ್ಗೋಕಾಗುವುದಿಲ್ಲ, ಯಾರಾದರೂ ಮುತ್ತೈದೆಯ ಕೈಯಲ್ಲಿ ಹಾಕಿಸಿ ಎಂದೆ. ಸುಳ್ಳು ಹೇಳುವುದರಲ್ಲಿ ನಾನು ಪಳಗಿದವಳೇ. ಆದರೆ ಹುಡುಗಿ ನನ್ನನ್ನೇ ನೋಡುತ್ತಿದ್ದಳು. ಆಮೇಲೆ ನೋಡೋಣ ಎಂದು ಅವಳೇ ಬ್ಯಾಗನ್ನು ಎತ್ತಿ ಒಳಗಿಟ್ಟಳು.

ಮತ್ತೆ ನೀರು ಇಳಿಯುವ ಮೊದಲು ನಾನು ಹೊರಡಬೇಕಿತ್ತು. ಈ ಸಲ ಯಾರಿಂದಲೂ ಹೇಳಿಸಿಕೊಳ್ಳಲಿಲ್ಲ. ಅವಳು ಬ್ಯಾಗು ಹಿಡಿದು ಲಾಂಚಿನವರೆಗೆ ಬಂದಳು. ತುಂಬು ಹೊಟ್ಟೆಯಲ್ಲಿ ನಿಧಾನವಾಗಿ ನಡೆಯುತ್ತಿದ್ದಳು. ಹೆರಿಗೆಗೆ ಕರೆದುಕೊಂಡು ಹೋಗುತ್ತೇನೆ ಎನ್ನುವ ಮಾತು ನನ್ನ ಬಾಯಿಗೆ ಬಂದಿತ್ತು. ಇಷ್ಟು ದೂರದ ಪ್ರಯಾಣ ಬೇಡ ಎಂದು ಡಾಕ್ಟರು ಹೇಳಿದ್ದಾರೆಂದು ಅವಳೇ ಮೊದಲು ಹೇಳಿದಳು. ಆ ದಡದ ಧಕ್ಕೆಯ ಮೇಲೆ ನಮ್ಮಿಬ್ಬರನ್ನು ಬಿಟ್ಟು ಯಾರೂ ಇರಲಿಲ್ಲ. ಅವಳು ನನ್ನ ಮುಂದೆ ಸೆರಗು ಒಡ್ಡಿ ನಿಂತಳು.

"ಈಗ ಹಾಕು. ಬಗ್ಗೋದೇನಿಲ್ಲ, ನಾನೇ ನಿಂತಿದೀನಿ."

"ಬೇಡ ಕಣೇ. ಹೊಟ್ಟೇಲಿ ಮಗು ಅದೆ."

"ನಂಗೆ ಅನ್ನ ಕಲಸಿ ತಿನ್ಸಿದ್ದು ಇದೇ ಕೈ ಅಲ್ವಾ?"

ನನಗೆ ಭಯವಾಗಿತ್ತು, ನಿಜ ಹೇಳುತ್ತೇನೆ. ಶಾಸ್ತ್ರವನ್ನೆಲ್ಲ ಬೈದುಕೊಂಡೇ ಬಂದವಳು ಆ ಸೆರಗಿನ ಮುಂದೆ ಕೈಯನ್ನು ನನ್ನ ಸೀರೆಗೆ ಒರೆಸಿಕೊಂಡೆ. ಆದರೂ ಹಾಕಿದೆ. ಅಕ್ಕಿ, ಬೆಲ್ಲ, ಕೊಬ್ಬರಿ, ಬಳೆ, ರವಿಕೆ. ಲಾಂಚಿನವನು ಇಂಜಿನ್ ಚಾಲೂ ಮಾಡಿದ. ಅವಳು ಮಡಿಲಿನಿಂದ ಒಂದು ಹಿಡಿ ಅಕ್ಕಿ ತೆಗೆದು ನನ್ನ ಸೆರಗಿನ ತುದಿಗೆ ಹಾಕಿ ತಾನೇ ಗಂಟು ಕಟ್ಟಿದಳು.

"ಸಮೇತನಹಳ್ಳಿಗೆ ತಗೊಂಡೋಗ್ಬೇಡ. ನಿನ್ನ ಡಬ್ಬಿಗೇ ಹಾಕು."

ಲಾಂಚು ಹೊರಟಿತು. ಬೆಳಿಗ್ಗೆ ಏಡಿಗಳು ಓಡಾಡುತ್ತಿದ್ದ ಜಾಗವೆಲ್ಲ ನೀರಾಗಿತ್ತು. ಅವಳು ಎರಡೂ ಕೈಯಲ್ಲಿ ಮಡಿಲು ಹಿಡಿದಿದ್ದರಿಂದ ಕೈ ಬೀಸಲು ಆಗಲಿಲ್ಲ, ಹಾಗೇ ನಿಂತಿದ್ದಳು. ಈಚೆ ದಡದಲ್ಲಿ ಇಳಿದು ತಿರುಗಿ ನೋಡಿದರೆ ಇನ್ನೂ ನಿಂತಿದ್ದಳು.

ಮರುದಿನ ಬೆಳಿಗ್ಗೆ ಹೊಸಕೋಟೆಯಲ್ಲಿ ಮನೆಯ ಬೀಗ ತೆಗೆದವಳು ಮೊದಲು ಸೆರಗಿನ ಗಂಟು ಬಿಚ್ಚಿ ಅಕ್ಕಿ ಡಬ್ಬಿಗೆ ಆ ಹಿಡಿ ಹಾಕಿದೆ. ಹೆಣ್ಣುಮಗಳು ತಾನೇ ಹಾಕಿ, ಹೋಗಿ ಬರುತ್ತೇನೆ ಎಂದು ಹೇಳಿ ಹೊರಡಬೇಕು. ತವರಿನವರು ಬಾಗಿಲಿಗೆ ಬಂದು ನಿಂತು ಕಳಿಸಬೇಕು. ಅವಳ ಪಾಲಿನದನ್ನು ನಾನು ಮಾಡಿಯಾಗಿತ್ತು. ನನ್ನ ಪಾಲಿನದೂ ಬಾಕಿ ಉಳಿಯಬಾರದೆಂದು ಡಬ್ಬಿ ಮುಚ್ಚಿ ಬಾಗಿಲಿಗೆ ಬಂದು, ಹೊರಟ ಮಗಳ ಬಸ್ಸು ಮರೆಯಾಗಲು ಹಿಡಿಯುವಷ್ಟು ಹೊತ್ತು ನಿಂತೆ. ರಸ್ತೆಯಲ್ಲಿ ಯಾರೂ ಇರಲಿಲ್ಲ.