ಒಬ್ಬ ಸವಾರನಿಗೆ ಬೇಕಾದ ಮೊಳೆಗಳು

ಜನವರಿ, ಶನಿವಾರ, ಬೆಳಿಗ್ಗೆ ಎಂಟು ಗಂಟೆ. ಸ್ಥಳ, ಲಂಡನ್ನಿನ ಅಂಚಿನ ಫೆಲ್ಥಮ್‌ನಲ್ಲಿ ನನ್ನ ಗೆಳೆಯ ಬಾಡಿಗೆಗೆ ಹಿಡಿದಿರುವ ಗ್ಯಾರೇಜು. ಹಾಜರಿದ್ದವರು ಗೆಳೆಯ ಮತ್ತು ನಾನು. ನನ್ನ ಮಗಳು ಊಟದ ಹೊತ್ತಿಗೆ ಬುತ್ತಿ ತರುವವಳಿದ್ದಳು.

ಅಂದಿನ ಕೆಲಸ, ಸ್ನೋಮೊಬೈಲಿನ ಟ್ರ್ಯಾಕಿಗೆ ಉಕ್ಕಿನ ಮೊಳೆ ಕೂರಿಸುವುದು. ಹಿಮದ ಮೇಲೆ ಓಡುವ ಈ ಬೈಕಿಗೆ ಮುಂದೆ ಚಕ್ರದ ಬದಲು ಎರಡು ಜಾರುಪಟ್ಟಿ. ಹಿಂದೆ, ಯುದ್ಧದ ಟ್ಯಾಂಕಿಗೆ ಇರುವಂತೆ, ಸುತ್ತುತ್ತಲೇ ಇರುವ ಅಗಲವಾದ ರಬ್ಬರ್ ಪಟ್ಟಿ. ಅದೇ ಟ್ರ್ಯಾಕು. ಮೆತ್ತನೆಯ ಹಿಮಕ್ಕೆ ಅದರ ರಬ್ಬರ್ ಹಲ್ಲುಗಳೇ ಸಾಕು. ಗಾಜಿನಂತೆ ಗಟ್ಟಿಯಾದ ಸರೋವರದ ಮೇಲೆ ಮಾತ್ರ ಮೊಳೆ ಕಚ್ಚಲೇಬೇಕು. ಇಲ್ಲದಿದ್ದರೆ ಬ್ರೇಕು ಹಿಡಿದರೂ ಗಾಡಿ ನಿಲ್ಲುವುದಿಲ್ಲ.

ಗೆಳೆಯ ಉಡುಪಿ ಕಡೆಯ ಕೊಂಕಣಿ ಕ್ರಿಶ್ಚಿಯನ್, ನಾನು ಬೆಳಗಾವಿಯವನು. ವಿಮಾನ ನಿಲ್ದಾಣದಲ್ಲಿ ಲಗೇಜು ಎಳೆಯುವ ಟ್ರ್ಯಾಕ್ಟರುಗಳನ್ನು ಒಂದೇ ಶೆಡ್ಡಿನಲ್ಲಿ ರಿಪೇರಿ ಮಾಡುತ್ತಾ ಇಬ್ಬರೂ ನಿವೃತ್ತರಾದೆವು. ಅವನ ತಮ್ಮ ಸ್ವೀಡನ್ನಿನ ಉತ್ತರದ ತುದಿಯಲ್ಲಿ ಒಂದು ಹೋಟೆಲಿನ ಅಡುಗೆಮನೆಯಲ್ಲಿದ್ದಾನೆ. ಹೋಟೆಲಿನ ಎದುರಿಗೇ ಸರೋವರ. ಈ ಹಳೆಯ ಗಾಡಿಯನ್ನು ಸರಿಮಾಡಿ, ಟ್ರೇಲರಿನಲ್ಲಿ ಅಲ್ಲಿಗೆ ಒಯ್ದು, ಹೆಪ್ಪುಗಟ್ಟಿದ ಆ ನೀರನ್ನು ಇಬ್ಬರೂ ಒಂದೇ ಸೀಟಿನಲ್ಲಿ ಕೂತು ದಾಟುವುದು ನಮ್ಮ ಯೋಜನೆ.

ಯೋಜನೆ ಅವನಿಗೆ ಮೋಜು. ನನಗೆ ಹಾಗಿರಲಿಲ್ಲ. ಲಂಡನ್ನಿಗೆ ಬರುವ ಮೊದಲು ನಾನು ಸೈನ್ಯದಲ್ಲಿ ಮೆಕ್ಯಾನಿಕ್ ಆಗಿದ್ದೆ. ಹಿಮದ ನೆತ್ತಿಯ ಒಂದು ಠಾಣ್ಯದಲ್ಲಿ ಇಂಥವೇ ಸ್ನೋ ಸ್ಕೂಟರುಗಳು ನನ್ನ ಪಾಲಿಗಿದ್ದವು. ದುರಸ್ತಿಯಾದ ಗಾಡಿಯನ್ನು ಮೊದಲು ಓಡಿಸಿ ನೋಡುವ ಹಕ್ಕು ದುರಸ್ತಿ ಮಾಡಿದವನದು. ದಿಬ್ಬದ ತಲೆಯವರೆಗೆ ಏರಿಸಿ, ಅಲ್ಲಿ ಎಂಜಿನ್ ಆರಿಸುತ್ತಿದ್ದೆ. ಆರಿಸಿದ ಮರುಕ್ಷಣ ಬರುವ ಆ ಮೌನವನ್ನು ನಾನು ಆಮೇಲೆ ಎಲ್ಲಿಯೂ ಕೇಳಿಲ್ಲ. ಲೋಹ ತಣ್ಣಗಾಗುವ ಟಿಕ್ ಟಿಕ್ ಸದ್ದು, ನನ್ನದೇ ಉಸಿರು, ಅಷ್ಟೆ. ಇಲ್ಲಿ ಫೆಲ್ಥಮ್ಮಿನಲ್ಲಿ ಹಿಮ ಬಿದ್ದರೆ ಮಧ್ಯಾಹ್ನದ ಹೊತ್ತಿಗೆ ಬೂದಿಬಣ್ಣದ ರಾಡಿ. ಮೇಲೆ ವಿಮಾನಗಳು ಒಂದರ ಹಿಂದೊಂದು ಇಳಿಯುತ್ತಲೇ ಇರುತ್ತವೆ. ಆದರೂ ಹಿಮ ಬಿದ್ದ ಬೆಳಿಗ್ಗೆ ನಾನು ಎಲ್ಲರಿಗಿಂತ ಮೊದಲು ಎದ್ದು ಬಾಗಿಲು ತೆರೆದು ನಿಲ್ಲುತ್ತೇನೆ.

ಎಂಟೂವರೆಗೆ ಗುರುತು ಹಾಕಲು ಕೂತೆ. ನಮ್ಮ ಠಾಣ್ಯದಲ್ಲಿ ಹಿಮ ಮೆತ್ತಗೆ, ಆಳ. ಮೊಳೆಯ ಮಾತೇ ಇರಲಿಲ್ಲ. ಆದ್ದರಿಂದ ಇದು ನನಗೂ ಹೊಸದು. ಬಿಳಿ ಬಣ್ಣದ ಪೆನ್ನು, ಅಳತೆಪಟ್ಟಿ ಹಿಡಿದು, ಮೊಣಕಾಲೂರಿ, ಗಾಡಿಯಿಂದ ಬಿಚ್ಚಿ ನೆಲಕ್ಕೆ ಹಾಕಿದ್ದ ಟ್ರ್ಯಾಕಿನ ಉದ್ದಕ್ಕೂ ಒಂದರ ಹಿಂದೆ ಒಂದು ಚುಕ್ಕಿ ಇಟ್ಟೆ. ಒಂದೂ ವಾರೆಯಿರಲಿಲ್ಲ.

ಮಗಳು ಬುತ್ತಿ ಹಿಡಿದು ಒಳಗೆ ಬಂದವಳು ನೋಡಿ ನಕ್ಕಳು. "ಏನ್ ಅಪ್ಪಾ, ಮೊಳಿಗೂ ಪರೇಡ್ ಮಾಡಸಾಕತ್ತೀರೇನು?"

"ಸಾಲು ಅಂದ್ರ ಸಾಲು ಇರಬೇಕವಾ."

"ಹವಾಲ್ದಾರ್ರೆ, ಅದೇ ತಪ್ಪು ಮಾರಾಯ್ರೆ," ಎಂದ ಗೆಳೆಯ. ಅವನು ಆಗತಾನೆ ಫೋನಿನಲ್ಲಿ ತಮ್ಮನನ್ನು ಕೇಳಿದ್ದ. "ಮುಂದಿನ ಮೊಳೆ ಗೀರಿದ ಗೆರೆಯಲ್ಲೇ ಹಿಂದಿನದ್ದೂ ಬಂದ್ರೆ ಅದಕ್ಕೆ ಕಚ್ಚಲಿಕ್ಕೆ ಎಂತ ಉಂಟು? ನಿಮ್ಮ ಸೈನ್ಯ ಪೂರಾ ಒಂದೇ ಹೊಂಡಕ್ಕೆ ಬೀಳ್ತದೆ."

ನಾನು ಚುಕ್ಕಿಗಳನ್ನೇ ನೋಡಿದೆ. ಅವನು ಹೇಳಿದ್ದು ನಿಜ.

"ನಡು ಚುಕ್ಕಿ ಇಡ್ರಿ," ಎಂದಳು ಮಗಳು. "ರಂಗೋಲ್ಯಾಗ ಎರಡು ಚುಕ್ಕಿ ಸಂದಿಗೆ ಮುಂದಿನ ಸಾಲಿನ ಚುಕ್ಕಿ ಬರ್ತದಲ್ಲ, ಹಂಗ. It's the same thing, ಅಪ್ಪಾ."

ಹಾಕಿದ್ದನ್ನೆಲ್ಲ ಒರೆಸಿದೆ. ರಬ್ಬರಿನ ಮೇಲೆ ಚುಕ್ಕಿಗಳು ಒಂದರ ಸಂದಿಗೆ ಒಂದು ಓರೆಯಾಗಿ ಸರಿಯುತ್ತಾ ಹೋದವು. ಎಡಕ್ಕೆ ಎಷ್ಟೋ ಬಲಕ್ಕೂ ಅಷ್ಟೇ. ಇಲ್ಲದಿದ್ದರೆ ಗಾಡಿ ಒಂದು ಪಕ್ಕಕ್ಕೆ ಎಳೆಯುತ್ತದೆ. ಇಷ್ಟು ತೀರ್ಮಾನವಾದ ಮೇಲೆ ಉಳಿದದ್ದು ಒಂದೇ ಪ್ರಶ್ನೆ. ಟ್ರ್ಯಾಕಿಗೆ ನಡುವೆ ಒಂದು ಪಟ್ಟಿ, ಅಂಚಿನಲ್ಲಿ ಎರಡು. ಒಬ್ಬನೇ ಸವಾರನಾದರೆ ನಡುಪಟ್ಟಿಗೆ ಮೊಳೆ ಹೊಡೆದರೆ ಸಾಕು, ಗಾಡಿ ಹಗುರವಾಗಿ ತಿರುಗುತ್ತದೆ. ಇಬ್ಬರ ಭಾರವಾದರೆ ಅಂಚಿನ ಪಟ್ಟಿಗಳಿಗೂ ಬೇಕು. ಆಗ ಹಿಡಿತ ಹೆಚ್ಚು, ಆದರೆ ತಿರುಗಿಸಲು ತೋಳಿನಲ್ಲಿ ಬಲ ಬೇಕು.

"ಅಂಚಿಗೂ ಹೊಡೆಯುವ," ಎಂದ ಗೆಳೆಯ. "ಇಬ್ಬರಲ್ವಾ!"

ಮಗಳು ಬುತ್ತಿಯನ್ನು ಬೆಂಚಿನ ಮೇಲಿಟ್ಟಳು. ಅವಳ ಮಾತು ಹದಿನೈದು ದಿನದ ಹಿಂದೆಯೇ ಮುಗಿದಿತ್ತು. ಜಿಪಿ ಡಾಕ್ಟರು ನನ್ನ ಸವೆದ ಮೊಣಕಾಲಿನ ಎಕ್ಸ್‌ರೇ ತೋರಿಸಿದ ದಿನ, "ಬ್ಯಾಡ ಅಪ್ಪಾ" ಎಂದಿದ್ದಳು. ನಾನು "ನೋಡೂಣು" ಎಂದಿದ್ದೆ.

ಅಳತೆಪಟ್ಟಿ ಆಚೆ ಬದಿಗಿತ್ತು. ತೆಗೆದುಕೊಳ್ಳಲು ಏಳಹೋದೆ. ಆಗಲಿಲ್ಲ. ಎಡಗಾಲು ಮಡಿಸಿದಲ್ಲೇ ನಿಂತುಬಿಟ್ಟಿತು. ಬೆಂಚು ಹಿಡಿದೆ, ಮತ್ತೆ ಪ್ರಯತ್ನಿಸಿದೆ. ಗೆಳೆಯ ಬಂದು ಕೈ ಕೊಟ್ಟು ಎಬ್ಬಿಸಿದ. ಎಂಜಿನ್ ಕೆಟ್ಟರೂ, ಚಹಾ ಚೆಲ್ಲಿದರೂ ತಮಾಷೆ ಮಾಡುವ ಮನುಷ್ಯ. ಅಂದು ಬರೀ ಸ್ಟೂಲು ಎಳೆದು ನನ್ನ ಹಿಂದಿಟ್ಟ.

ಠಾಣ್ಯದಲ್ಲಿ ಒಂದು ನಿಯಮವಿತ್ತು, ಹೊಸಬರಿಗೆ ಅದನ್ನು ಹೇಳಿಕೊಡುತ್ತಿದ್ದವನು ನಾನೇ: ಉರುಳಿದ ಗಾಡಿಯನ್ನು ಎತ್ತಿ ನಿಲ್ಲಿಸಲಾಗದವನು ಅದರ ಮೇಲೆ ಕೂರಬಾರದು. ಹಿಮದಲ್ಲಿ ಅವನೊಬ್ಬನಿಂದ ಇಬ್ಬರ ಜೀವಕ್ಕೆ ಕುತ್ತು.

"ನಡುಪಟ್ಟಿ ಸಾಕು," ಎಂದೆ.

"ಅದು ಒಬ್ಬನಿಗಲ್ವಾ?"

"ಹೌದು, ಒಬ್ಬಂಗಽ."

ಅವನು ಡ್ರಿಲ್ಲು ಕೆಳಗಿಟ್ಟ. "ಎಂತ ಮಾರಾಯ್ರೆ, ಕೈ ಹಿಡಿದದ್ದಕ್ಕೆ ಬೇಜಾರಾ? ಇನ್ನು ನೀವು ಬಿದ್ರೂ ಹಿಡಿಯುದಿಲ್ಲ, ಆಯ್ತಾ? ಹಿಂದೆ ಕೂತ್ರೆ ಸಾಕು ನೀವು. ಬೇಕಾದ್ರೆ ಹಗ್ಗ ಹಾಕಿ ಕಟ್ಟುವ."

"ನಾನೇನು ಲಗೇಜೇನಲೇ ದೋಸ್ತ?"

ಮೂವರೂ ನಕ್ಕೆವು. ನಗು ನಿಂತ ಮೇಲೆ ಮಗಳು ಕೇಳಿದಳು, "ಅಪ್ಪಾ, ನಾ ಬ್ಯಾಡ ಅಂದಿದ್ದಕ್ಕೇನು?"

"ನೀ ಅಂದಿದ್ದಕ್ಕ ಅಲ್ಲವಾ. ಮೊಣಕಾಲು ಅಂದಿದ್ದಕ್ಕ."

ಅವಳಿಗೆ ಇದರಿಂದ ಸಮಾಧಾನ ಆಗಬೇಕಿತ್ತು. ಆದರೆ ತಲೆ ಎತ್ತದೆಯೇ ಬುತ್ತಿಯ ಗಂಟು ಬಿಚ್ಚಿದಳು. ರೊಟ್ಟಿ, ಎಣಗಾಯಿ, ಶೇಂಗಾ ಚಟ್ನಿ. ನಿಂತೇ ತಿಂದೆವು.

ಮಧ್ಯಾಹ್ನ ಗೆಳೆಯ ಟ್ರ್ಯಾಕನ್ನು ಬೆಂಚಿನ ಮೇಲೆಳೆದುಕೊಂಡು ತೂತು ಕೊರೆದ. ನಾನು ಎತ್ತರದ ಸ್ಟೂಲಿನ ಮೇಲೆ ಕೂತು ಒಳಗಿನಿಂದ ಮೊಳೆ ತೂರಿಸಿ, ಹೊರಗಿನಿಂದ ಬಿಲ್ಲೆ ಹಾಕಿ, ನಟ್ಟು ಬಿಗಿದೆ. ಒಂದೊಂದು ಬಿಗಿದಾಗಲೂ ಅದು ಕಚ್ಚಲಿರುವ ಜಾಗವನ್ನು ನೆನೆಯುತ್ತಿದ್ದೆ. ಬೆಳಗಿನ ನೀಲಿ ಮಂಜುಗಡ್ಡೆ, ದೂರದ ದಂಡೆಯಲ್ಲಿ ಕಪ್ಪು ಗೆರೆಯಂತೆ ಮರಗಳು. ಗೆಳೆಯ ನಡುನೀರಿನಲ್ಲಿ ಎಂಜಿನ್ ಆರಿಸುತ್ತಾನೋ ಇಲ್ಲವೋ. ಆರಿಸು ಎಂದು ಹೇಳಿಕೊಟ್ಟೆ.

"ಆರಿಸಿ ಎಂತ ಮಾಡುದು?" ಎಂದ.

"ಸುಮ್ಮನಿರು. ಅಷ್ಟಽ."

"ಅದು ನನಗೆ ಬರುದಿಲ್ಲ ಅಂತ ನಿಮಗೆ ಗೊತ್ತುಂಟು," ಎಂದವನು ಇನ್ನೊಂದು ತೂತು ಕೊರೆದು ಹೇಳಿದ, "ಆಯ್ತು, ಆರಿಸ್ತೇನೆ."

ಟ್ರ್ಯಾಕನ್ನು ಗಾಡಿಗೆ ಏರಿಸುವುದು ಭಾನುವಾರದ ಕೆಲಸ. ಮಗಳು ನೆಲದ ರಬ್ಬರ್ ಚೂರು ಗುಡಿಸಿದಳು. ಗಾಡಿಯ ಸೀಟಿನ ಹಿಂಬದಿಗೆ, ಹಿಂದೆ ಕೂರುವವನಿಗೆಂದು, ನಾನೇ ಬೆಸೆದು ಮಾಡಿ ಬೋಲ್ಟು ಹಾಕಿ ಕೂರಿಸಿದ್ದ ಬೆನ್ನೊರಗು ಇತ್ತು. ಒಬ್ಬ ಸವಾರನಿಗೆ ಅದು ಬರೀ ಭಾರ.

"ಇರ್ಲಿ ಬಿಡಿ," ಎಂದ ಗೆಳೆಯ.

ಬೋಲ್ಟುಗಳನ್ನು ಸಡಿಲಿಸಿ ಒರಗನ್ನು ತೆಗೆದೆ. ತುಕ್ಕು ಹಿಡಿಯದಂತೆ ತೂತುಗಳಿಗೆ ಗ್ರೀಸು ತುಂಬಿ, ಕೈ ಒರೆಸಿಕೊಂಡೆ. ಆಗ ಐದು ಗಂಟೆ.