ಗಾಜಿನ ಕಪಾಟಿನ ನೀರಿನ ಬಾಟ್ಲಿ

ಮದುವೆಯಾಗಿ ಮುಂಬೈಯ ವಡಾಲಕ್ಕೆ ಬಂದಾಗ ನಮ್ಮ ಮನೆಯವರ ಬಳಿ ಇದ್ದದ್ದು ಒಂದೇ ಒಂದು, ತೋಪಿನ ಗುಂಡಿನ ಹಿತ್ತಾಳೆಯ ಖಾಲಿ ಕವಚ. ನಾನು ಅದನ್ನು ಹೂದಾನಿ ಎಂದುಕೊಂಡು ನೀರು ತುಂಬಿ ಎರಡು ಗುಲಾಬಿ ಇಟ್ಟೆ. ಸಂಜೆ ಫೋರ್ಟ್‌ನ ಬ್ಯಾಂಕಿನಿಂದ ಬಂದವರು ಚಪ್ಪಲಿ ಕೂಡ ಬಿಡದೆ ಹೂ ತೆಗೆದು, ನೀರು ಚೆಲ್ಲಿ, ಒಳಗೆಲ್ಲ ಮೆತ್ತನೆಯ ಬಟ್ಟೆಯಿಂದ ಒರೆಸಿ, ಆಮೇಲೆ ನನ್ನ ಮುಖ ನೋಡಿದರು. ಹೊಸ ಸೊಸೆಯಾದರೂ ನಾನು ಸುಮ್ಮನಿರುವವಳಲ್ಲ. "ಹೂವಿಗಿಂತ ಮದ್ದಿನ ವಾಸನಿ ಚಲೋ ಅನಸ್ತದೇನ್ರಿ ನಿಮಗ?" ಎಂದೆ. ಅವರು ನಕ್ಕರು. ನಕ್ಕರೇ ಹೊರತು ಹೂವನ್ನು ಮತ್ತೆ ಇಡಲು ಬಿಡಲಿಲ್ಲ.

ಆ ಒಂದು ಕವಚ ಬೆಳೆದು ಬೆಳೆದು ಈಗ ಹಾಲ್‌ನ ಒಂದು ಗೋಡೆ ಪೂರ್ತಿ ಗಾಜಿನ ಕಪಾಟಾಗಿದೆ. ಭಾನುವಾರ ಬೆಳಿಗ್ಗೆ ಬಿಲ್ಡಿಂಗಿನ ಬೇರೆ ಗಂಡಸರು ಚೀಲ ಹಿಡಿದು ಸಂತೆಗೆ ಹೊರಟರೆ ಇವರು ಹಳೆ ಸಾಮಾನು ಮಾರುವ ಚೋರ್ ಬಜಾರಿಗೆ ಹೊರಡುತ್ತಿದ್ದರು. ತಂದದ್ದೆಲ್ಲ ಎಂದೋ ಮುಗಿದ ಯುದ್ಧಗಳ ಸಾಮಾನು. ತಗ್ಗು ಬಿದ್ದ ಉಕ್ಕಿನ ಟೊಪ್ಪಿಗೆ, ವಿಷಗಾಳಿ ತಡೆಯುವ, ರಬ್ಬರು ಒಣಗಿ ಬಿರಿದ ಮುಖವಾಡ, ಹಿಡಿಕೆ ತಿರುಗಿಸಿ ಮಾತಾಡುವ ಟೆಲಿಫೋನು, ಮದ್ದು ತೆಗೆದು ಬುಡಕ್ಕೆ ತೂತು ಕೊರೆದ ಒಂದು ಕೈಬಾಂಬು. ಆ ಕೈಬಾಂಬು ಮನೆಗೆ ಬಂದ ದಿನ ಸೊಸೈಟಿಯ ಸೆಕ್ರೆಟರಿ ಏದುಸಿರು ಬಿಡುತ್ತ ಬಂದಿದ್ದರು. ಇವರು ಅದನ್ನು ತಲೆಕೆಳಗು ಮಾಡಿ, ತೂತಿನಲ್ಲಿ ಕಿರುಬೆರಳು ತೂರಿಸಿ, ಇದು ಇನ್ನು ಪೇಪರ್‌ವೇಟು ಮಾತ್ರ ಎಂದು ತಿಳಿಸಿ ಹೇಳಿದರು. ಸೆಕ್ರೆಟರಿ ಚಹಾ ಕುಡಿದು ಹೋದರು. ಆದರೆ ಈಗಲೂ ನಮ್ಮ ಮನೆಗೆ ಬಂದರೆ ಕುರ್ಚಿಯ ತುದಿಯಲ್ಲೇ ಕೂರುತ್ತಾರೆ.

ಇವರಿಗೊಂದು ಹಟ ಉಂಟು. ಬಜಾರಿನವರು ಪ್ರತಿಯೊಂದು ಸಾಮಾನಿಗೂ ಒಂದು ಕಥೆ ಅಂಟಿಸಿ ಮಾರುತ್ತಾರೆ: ಇದು ದೊಡ್ಡ ಕ್ಯಾಪ್ಟನ್ ಸಾಹೇಬರದು, ಇದು ಇಂಥ ಕಾಳಗದಲ್ಲಿ ಸಿಕ್ಕದ್ದು. ಇವರು ಸಾಮಾನು ಕೊಳ್ಳುತ್ತಾರೆ, ಕಥೆ ಅಲ್ಲೇ ಬಿಟ್ಟು ಬರುತ್ತಾರೆ. ಪ್ರತಿ ವಸ್ತುವಿನ ಮುಂದೆ ಒಂದು ಪುಟ್ಟ ಕಾರ್ಡು, ಅದರಲ್ಲಿ ಖಚಿತವಾಗಿ ಗೊತ್ತಿರುವುದಷ್ಟೇ. ಮುಟ್ಟುವುದಾದರೆ ಕೈಗೆ ಹತ್ತಿಯ ಗವಸು. ಮಳೆಗಾಲದಲ್ಲಿ ನಮ್ಮ ಬಟ್ಟೆ ನಾಲ್ಕು ದಿನ ಒಣಗದಿದ್ದರೂ ನಡೆಯುತ್ತದೆ, ಕಪಾಟಿನೊಳಗೆ ತೇವ ಸುಳಿಯಬಾರದು. ಮುಂದಿನ ಜನ್ಮದಲ್ಲಿ ನಾನೂ ಉಕ್ಕಿನ ಟೊಪ್ಪಿಗೆಯಾಗಿ ಹುಟ್ಟುತ್ತೇನೆ, ಆಗಲಾದರೂ ಇಷ್ಟು ಆರೈಕೆ ಸಿಕ್ಕೀತು ಎಂದು ನಾನು ಎಷ್ಟೋ ಸಲ ಚುಚ್ಚಿದ್ದೇನೆ.

ಅತ್ತೆ ಮಾತ್ರ ಆ ಕಪಾಟಿನ ಕಡೆ ತಿರುಗಿಯೂ ನೋಡುತ್ತಿರಲಿಲ್ಲ. ಮಾವ ತೀರಿಕೊಂಡ ಮೇಲೆ ಬೆಳಗಾವಿಯಿಂದ ನಮ್ಮಲ್ಲಿಗೆ ಬಂದವರು, ತಮ್ಮ ಕುರ್ಚಿಯನ್ನು ಕಪಾಟಿಗೆ ಬೆನ್ನು ಮಾಡಿ ಹಾಕಿಸಿಕೊಂಡರು. ಮೊದಲು ನಾನು ಮಗನ ದುಂದಿಗೆ ಮುನಿಸು ಎಂದುಕೊಂಡಿದ್ದೆ. ಅಲ್ಲ. ಅವರಿಗೊಬ್ಬ ಅಣ್ಣನಿದ್ದ. ಅತ್ತೆ ಇನ್ನೂ ಪುಟ್ಟ ಹುಡುಗಿಯಾಗಿದ್ದಾಗ, ಬ್ರಿಟಿಷರ ಕಾಲದ ಆ ಮಹಾಯುದ್ಧಕ್ಕೆ ಪಲ್ಟನ್ ಸೇರಿ, ಇದೇ ಮುಂಬೈಯಲ್ಲಿ ಹಡಗು ಹತ್ತಿ ಮರಳುಗಾಡಿನ ಕಡೆ ಹೋದ. ಆಮೇಲೆ ಬಂದದ್ದು ಕಾಣೆಯಾಗಿದ್ದಾನೆ ಎಂಬ ಸುದ್ದಿ ಮಾತ್ರ. ಸತ್ತ ಎಂದು ಯಾರೂ ಹೇಳಲಿಲ್ಲ, ಬದುಕಿದ್ದಾನೆ ಎಂದೂ ಹೇಳಲಿಲ್ಲ. ಅವರ ತಾಯಿ ಆ ಎರಡನೆಯದನ್ನೇ ಗಟ್ಟಿಯಾಗಿ ಹಿಡಿದುಕೊಂಡರು.

ನಮ್ಮ ಕಡೆ ಮಹಾಲಯ ಅಮಾವಾಸ್ಯೆಗೆ ತೀರಿಹೋದ ಹಿರಿಯರ ಹೆಸರಿನಲ್ಲಿ ಎಡೆ ಇಡುತ್ತೇವೆ. ಅವರ ಫೋಟೋ, ಅವರು ಉಟ್ಟ ಬಟ್ಟೆ ಇಟ್ಟು, ಮುಂದೆ ಎಲೆ ಹಾಕಿ, ಅವರಿಗೆ ಸೇರುತ್ತಿದ್ದ ಅಡುಗೆ ಬಡಿಸುವುದು. ಆ ತಾಯಿ ಸಾಯುವ ತನಕ ಮಗನಿಗೆ ಎಡೆ ಇಡಗೊಡಲಿಲ್ಲ. ಇಟ್ಟರೆ ನಾವೇ ಅವನನ್ನು ಕೊಂದ ಹಾಗೆ ಎನ್ನುತ್ತಿದ್ದರಂತೆ. ಅವರ ನಂತರವೂ ಆ ಮನೆಯಲ್ಲಿ ಯಾರಿಗೂ ಧೈರ್ಯ ಬರಲಿಲ್ಲ. ಹೀಗೆ ಆ ಹುಡುಗ ಸತ್ತವರ ಸಾಲಿನಲ್ಲೂ ಇಲ್ಲದೆ, ಇದ್ದವರ ಸಾಲಿನಲ್ಲೂ ಇಲ್ಲದೆ ಉಳಿದುಬಿಟ್ಟ.

ಹೋದ ವರ್ಷ ಶ್ರಾವಣದಲ್ಲಿ ಅತ್ತೆಗೆ ಎದೆನೋವು ಬಂದು ಪರೇಲ್‌ನ ಆಸ್ಪತ್ರೆಯಲ್ಲಿ ಕೆಲವು ದಿನ ಇಡಬೇಕಾಯಿತು. ವಾಪಸು ಬಂದ ಮೇಲೆ ಮಾತು ಕಡಿಮೆಯಾಯಿತು, ಯೋಚನೆ ಹೆಚ್ಚಾಯಿತು. ಅಮಾವಾಸ್ಯೆ ಹತ್ತಿರ ಬಂದಿತ್ತು. ಒಂದು ಬೆಳಿಗ್ಗೆ ನಾನು ಸೊಪ್ಪು ಸೋಸುತ್ತಿದ್ದೆ, ಇವರು ಪೇಪರ್ ಓದುತ್ತಿದ್ದರು. ಅತ್ತೆ ಇದ್ದಕ್ಕಿದ್ದಂತೆ ಹೇಳಿದರು.

"ಈ ಸರ್ತಿ ನಮ್ಮಣ್ಣಗೂ ಎಡಿ ಇಡೂಣು."

ಇವರು ಪೇಪರ್ ಕೆಳಗಿಟ್ಟರು. "ಯಾಕವ್ವಾ, ಈಗ್ಯಾಕ?"

"ನಾ ಹೋದ ಮ್ಯಾಲೆ ಅವನ ಹೆಸರ ಹೇಳಿ ನೀರ ಬಿಡವ್ರು ಯಾರ ಅದಾರೋ? ತವರಮನ್ಯಾಗ ಯಾರೂ ಉಳದಿಲ್ಲ. ಅವನ್ನ ನೋಡಿದಾಕಿ ನಾ ಒಬ್ಬಾಕಿನ."

ನಾನು ತಲೆ ಎತ್ತಲಿಲ್ಲ, ಸೊಪ್ಪನ್ನೇ ನೋಡುತ್ತ ಕೂತೆ. ಅವರು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ.

ಎಡೆ ಇಡಬೇಕೆಂದರೆ ಇಡುವುದು ಏನನ್ನು? ಮಾವನದಾದರೆ ಧೋತರ, ರುಮಾಲು, ಕನ್ನಡಕ, ಚೌಕಟ್ಟಿನ ಫೋಟೋ ಎಲ್ಲ ಇದೆ. ಈ ಹುಡುಗನದು ಒಂದು ನೂಲೂ ಇಲ್ಲ. ಹೇಗಿದ್ದ ಎಂದು ಕೇಳಿದೆ. ಅತ್ತೆ, "ಮಾರಿ ನೆನಪಿಲ್ಲವಾ. ಹೆಗಲಷ್ಟ ನೆನಪೈತಿ. ಸಂತಿಗೆ ಹೆಗಲ ಮ್ಯಾಲೆ ಕುಂಡ್ರಿಸಿಕೊಂಡ ಒಯ್ತಿದ್ದ. ಮ್ಯಾಲೆ ಕುಂತಾಕಿಗಿ ಮಾರಿ ಎಲ್ಲಿ ಕಾಣತೈತಿ?" ಎಂದರು. ನನಗೆ ಅಳು ಬಂತು. ಅವರಿಗೆ ಬರಲಿಲ್ಲ. ಅವರು ಕುರ್ಚಿಯ ತೋಳು ಹಿಡಿದು ಎದ್ದು, ಅಷ್ಟು ವರ್ಷ ಬೆನ್ನು ಮಾಡಿದ್ದ ಕಪಾಟಿನ ಮುಂದೆ ಹೋಗಿ ನಿಂತರು.

ಟೊಪ್ಪಿಗೆಯನ್ನು ನೋಡಿದರು, ಅದರ ತಗ್ಗನ್ನು ನೋಡಿ ಮುಖ ಆಚೆ ತಿರುಗಿಸಿದರು. ಕೈಬಾಂಬಿನ ಕಡೆ ಕಣ್ಣು ಹಾಯಿಸಲಿಲ್ಲ. ಕೆಳಗಿನ ಅರೆಯಲ್ಲಿ ಸಿಪಾಯಿಗಳ ನೀರಿನ ಬಾಟ್ಲಿ ಒಂದಿತ್ತು. ನೀಲಿ ಎನಾಮಲ್ಲಿನದು, ಮೇಲೆ ನುಸಿ ತಿಂದ ಉಣ್ಣೆಯ ಹೊದಿಕೆ, ಬಾಯಿಗೆ ಬಿರಡೆ. ಅದೇ ಕಾಲದ್ದು, ಅದೇ ಯುದ್ಧದ್ದು. ಅತ್ತೆ ಗಾಜಿನ ಮೇಲೆ ಬೆರಳಿಟ್ಟು ಮಗನ ಕಡೆ ತಿರುಗಿದರು.

"ಇದನ್ನ ಕೊಡು, ತಮ್ಮಾ. ನೀರ ತುಂಬಿ ಇಡೂಣು. ಮರಳಾಗ ನೀರಡಿಸಿರತಾನ."

ಇವರ ಮುಖ ನಾನು ನೋಡಿದೆ. ನೀರು! ಎನಾಮಲ್ಲು ಒಳಗೆ ಅಲ್ಲಲ್ಲಿ ಎದ್ದಿದೆ, ನೀರು ತಾಗಿದರೆ ತುಕ್ಕು ಹಿಡಿಯುತ್ತದೆ ಎಂದು ನನಗೇ ನೂರು ಸಲ ಹೇಳಿದ್ದರು. ಆದರೆ ಆಗ ಅವರು ಆಡಿದ್ದು ತುಕ್ಕಿನ ಮಾತಲ್ಲ.

"ಅವ್ವಾ, ಅದು ಮಾಮಾಂದ ಅಲ್ಲ. ಯಾರದಂತ ಗೊತ್ತಿಲ್ಲ. ನೋಡ ಇಲ್ಲಿ, ಕಾರ್ಡಿನ್ಯಾಗ ಮಾಲಕ ಗೊತ್ತಿಲ್ಲ ಅಂತ ನಾನ ಬರದೇನಿ. ಅವಂದಂತ ಹೇಳಿ ಎಡಿ ಮುಂದ ಹೆಂಗ ಇಡೂದು? ಸುಳ್ಳಾಗತೈತಿ."

ನನಗೆ ಸಿಟ್ಟು ನೆತ್ತಿಗೇರಿತು. ಮುದುಕಿ ಇಷ್ಟು ವರ್ಷಕ್ಕೆ ಬಾಯಿಬಿಟ್ಟು ಒಂದು ಕೇಳಿದರೆ ಈ ಮನುಷ್ಯ ಕಾರ್ಡು ತೋರಿಸುತ್ತಾನಲ್ಲ ಎಂದು ಸೊಪ್ಪಿನ ಬುಟ್ಟಿಯನ್ನು ದಪ್ಪನೆ ಕುಕ್ಕಿದೆ. ಆದರೆ ಗಂಡನ ಮುಖ ನೋಡಿದಾಗ ಅದು ಮೊಂಡುತನವಲ್ಲ ಎಂದು ತಿಳಿಯಿತು. ಅವರು ಇಷ್ಟೆಲ್ಲ ಗುಡ್ಡೆ ಹಾಕುತ್ತ ಹೋದದ್ದು ಸೋದರಮಾವನ ಒಂದು ವಸ್ತುವಾದರೂ ಸಿಕ್ಕೀತೆಂಬ ಆಸೆಯಿಂದ. ನನಗದು ಮೊದಲೇ ಗೊತ್ತಿತ್ತು, ಅವ್ವನಿಗೆ ಅವರು ಹೇಳಿರಲಿಲ್ಲ. ಸಿಗಲಿಲ್ಲ. ಸಿಕ್ಕಿತು ಎಂದು ಬೇರೆಯವರದನ್ನು ತೋರಿಸಲು ಅವರಿಗೆ ಮನಸ್ಸು ಒಪ್ಪುತ್ತಿರಲಿಲ್ಲ.

ಅತ್ತೆಗೆ ಸಿಟ್ಟು ಬರಲಿಲ್ಲ. "ಅವಂದಂತ ನಾ ಎಲ್ಲಿ ಅಂದೆ?" ಎಂದರು. "ಮಾಲಕ ಗೊತ್ತಿಲ್ಲಂದ್ರ ಆ ಹುಡುಗಗೂ ನೀರ ಬಿಟ್ಟವ್ರು ಯಾರೂ ಇಲ್ಲ ಅಂದಂಗಾತು. ಇಬ್ರೂ ಹಂಚಿಕೊಂಡ ಕುಡೀಲಿ."

ಇವರು ಕಪಾಟಿನ ಕೀಲಿ ತೆಗೆದು, ಬಾಟ್ಲಿಯನ್ನು ಅವ್ವನ ಕೈಗೆ ಕೊಟ್ಟರು. ಗವಸು ಹಾಕಿಕೊಳ್ಳುವುದನ್ನು ಮರೆತಿದ್ದರು.

ಅಮಾವಾಸ್ಯೆಯ ಹಿಂದಿನ ದಿನ ಹೋಳಿಗೆಗೆ ಶೇಂಗಾ ಹುರಿಯುತ್ತಿದ್ದಾಗ ಅತ್ತೆ ಅಡುಗೆಮನೆಗೆ ಬಂದು ನನ್ನ ಪಕ್ಕ ನಿಂತರು. ಮೆಲ್ಲಗೆ ಕೇಳಿದರು: "ನಾ ತಪ್ಪ ಮಾಡಾಕತ್ತೇನೇನವಾ? ಎಲ್ಲ್ಯರ ಇದ್ದಿದ್ರ? ಎಡಿ ಇಟ್ರ ನಾನ ಅವನ್ನ ಕೊಂದಂಗ ಆತಿಲ್ಲೋ?" ಅವನು ಬದುಕಿದ್ದರೆ ನೂರು ದಾಟಿರಬೇಕಿತ್ತು. ಲೆಕ್ಕ ಹೇಳಿ ಸಮಾಧಾನ ಮಾಡಬಹುದಿತ್ತು. ಆದರೆ ಅವರ ಮನಸ್ಸಿನಲ್ಲಿದ್ದವನು ಇಪ್ಪತ್ತರ ಹುಡುಗ, ಅವನಿಗೆ ನನ್ನ ಲೆಕ್ಕ ತಾಗುತ್ತಿರಲಿಲ್ಲ. "ಹಸದವ್ರಿಗಿ ಉಣ್ಣಾಕ ಇಟ್ರ ಯಾರೂ ಸಾಯೂದಿಲ್ರಿ ಅತ್ತಿ" ಎಂದೆ, ಬಾಯಿಗೆ ಬಂದದ್ದು. ಅವರು ತಲೆದೂಗಿದರು. ಒಪ್ಪಿದರೋ ಇಲ್ಲವೋ ನನಗೆ ತಿಳಿಯಲಿಲ್ಲ. ಅಂದು ರಾತ್ರಿ ಊಟ ಅರ್ಧಕ್ಕೆ ಬಿಟ್ಟು ಎದ್ದರು.

ಮರುದಿನ ಹಾಲ್‌ನ ನೆಲ ಒರೆಸಿ ಎರಡು ಎಲೆ ಹಾಕಿದೆವು. ಮಾವನ ಎಲೆಯ ಹಿಂದೆ ಫೋಟೋ, ಧೋತರ. ಇನ್ನೊಂದು ಎಲೆಯ ಹಿಂದೆ ಬರೀ ಆ ಬಾಟ್ಲಿ. ಇವರೇ ಅದನ್ನು ನಲ್ಲಿಯ ಕೆಳಗೆ ಹಿಡಿದು ತೊಳೆದು, ಕುಡಿಯುವ ನೀರು ತುಂಬಿ ತಂದು ಇಟ್ಟರು. ಅತ್ತೆ ಅದಕ್ಕೆ ವಿಭೂತಿ ಹಚ್ಚಿ, ಹೂ ಏರಿಸಿ, ರೊಟ್ಟಿಯ ಮೇಲೆ ಬೆಲ್ಲ ತುಪ್ಪ ತಾವೇ ಹಾಕಿದರು. ಅವನಿಗೆ ಅದು ಸೇರುತ್ತಿತ್ತಂತೆ. ಆಮೇಲೆ ಅಣ್ಣನ ಹೆಸರನ್ನು ಜೋರಾಗಿ ಹೇಳಿ ಕರೆದರು. ಅಷ್ಟು ವರ್ಷಗಳಲ್ಲಿ ಆ ಹೆಸರನ್ನು ಅವರ ಬಾಯಿಂದ ನಾನು ಕೇಳಿದ್ದು ಅದೇ ಮೊದಲು.

ಎಡೆ ಬಡಿಸಿದ ಮೇಲೆ ಮನೆಯವರೆಲ್ಲ ಹೊರಗೆ ಬಂದು ಸ್ವಲ್ಪ ಹೊತ್ತು ಬಾಗಿಲು ಮುಚ್ಚಿಡುವುದು ನಮ್ಮಲ್ಲಿ ರೂಢಿ. ಹಿರಿಯರು ಉಣ್ಣುವಾಗ ನಾವು ಎದುರಿಗಿರಬಾರದು. ಊರಿನಲ್ಲಾದರೆ ಅಂಗಳವಿದೆ, ಕಟ್ಟೆಯಿದೆ. ಇಲ್ಲಿ ಇರುವುದು ಲಿಫ್ಟಿನ ಮುಂದಿನ ಪ್ಯಾಸೇಜು. ಮೂವರೂ ಹೊಸ ಬಟ್ಟೆ ಉಟ್ಟುಕೊಂಡು ನಮ್ಮದೇ ಮನೆಯ ಮುಂದೆ ಬಾಡಿಗೆ ಕೇಳಲು ಬಂದವರಂತೆ ನಿಂತೆವು. ಎದುರು ಮನೆಯ ಉಡುಪಿ ಕಡೆಯ ಯಜಮಾನರು ಹೋಟೆಲಿಗೆ ಹೊರಟವರು ನಮ್ಮನ್ನು ಕಂಡು ನಿಂತರು.

"ಎಂಥದು ಮಾರಾಯ್ರೆ, ಚಾವಿ ಒಳಗೆ ಉಳಿಯಿತಾ?"

"ಇಲ್ರಿ, ಊಟಕ್ಕ ಹಿರ್‍ಯಾರು ಬಂದಾರ" ಎಂದೆ.

ಅವರಿಗೆ ಅರ್ಥವಾಯಿತು. ಒಳಗೆ ಹೋಗಿ ಟೀವಿ ಸಣ್ಣ ಮಾಡಿಸಿ, ಅತ್ತೆಗೆ ಕೂರಲು ಒಂದು ಪ್ಲಾಸ್ಟಿಕ್ ಕುರ್ಚಿ ತಂದುಕೊಟ್ಟು, ಲಿಫ್ಟು ಸದ್ದು ಮಾಡೀತೆಂದು ಮೆಟ್ಟಿಲಿಳಿದು ಹೋದರು. ಅತ್ತೆ ಕೂತು, ಮುಚ್ಚಿದ ಬಾಗಿಲನ್ನೇ ನೋಡುತ್ತಿದ್ದರು.

ಪ್ರತಿವರ್ಷ ಬಿಡುವಷ್ಟು ಹೊತ್ತಾಯಿತು. ಹೋಳಿಗೆ ಆರುತ್ತಿತ್ತು, ನನಗೂ ಹಸಿವಾಗಿತ್ತು. ಇವರು ಜೇಬಿನಿಂದ ಕೀಲಿ ತೆಗೆದು ಲ್ಯಾಚಿಗೆ ಹಾಕಿದರು.

"ತಡಿ, ತಮ್ಮಾ" ಎಂದರು ಅತ್ತೆ.

"ಹೊತ್ತ ಆತಲ್ಲವ್ವಾ?"

"ನಿಮ್ಮಪ್ಪ ವರ್ಷಾ ಬರತಾನ, ಅವಗ ದಾರಿ ಗೊತ್ತೈತಿ. ನಮ್ಮಣ್ಣ ಮೊದಲ ಸರ್ತಿ ಬರಾಕತ್ತಾನ. ಇಷ್ಟ ದೊಡ್ಡ ಊರಾಗ ನಮ್ಮನಿ ಹುಡಿಕ್ಕೊಂಡ ಬರಬೇಕಲ್ಲ. ಇನ್ನೊಂದೀಟ ಹೊತ್ತ ಬಿಡು."

ಇವರು ಕೀಲಿಯನ್ನು ಹಿಂದಕ್ಕೆ ತೆಗೆದು, ಅವ್ವನ ಕುರ್ಚಿಯ ಪಕ್ಕ ನೆಲದ ಮೇಲೆ ಕೂತರು.